ಕತ್ತರಿ ನಿಸೋನ್

“ಕನೀಸದ ಮುಂದಿನಿಂದಲೇ ಹೋಗ್ತೀವಮ್ಮ, ಒಳಗೆ ಮಾತ್ರ ಇಲ್ಲ,” ಎನ್ನುತ್ತ ಪಿನ್ಹೋಸ್ ಖಾಲಿ ಕೊಡವನ್ನು ಅಂಗಳದ ಕಲ್ಲಿನ ಮೇಲೆ ಠಣ್ಣನೆ ಕುಕ್ಕಿದ. ಒಳಕೋಣೆಯಲ್ಲಿ ಹೆಣಕ್ಕೆ ನೀರು ಹಾಕಿ ಈಗಷ್ಟೇ ಹೊರಗೆ ಬಂದಿದ್ದ. ಮೊಹಲ್ಲೆಯ ಸಾವುಗಳ ಉಸ್ತುವಾರಿಯೆಲ್ಲ ಅವನದೇ. ತೋಳು ಮೊಣಕೈವರೆಗೂ ಒದ್ದೆ. “ಪ್ರಾರ್ಥನೆಯ ಮನೆಯೊಳಕ್ಕೆ ಹೋಗೋದು ಪಂಡಿತರ ಹೆಣ ಒಂದೇ. ನಿಮ್ಮಪ್ಪ ಬಂಗಾರದಂಥ ಮನುಷ್ಯ, ಬುಲೋರ್. ಯಾರಿಲ್ಲ ಅಂದ್ರು? ಆದ್ರೆ ಕ್ಷೌರ ಮಾಡ್ತಿದ್ದ.”

“ನಿಮ್ಮ ತಲೆ ಮೇಲಿರೋ ನಾಲ್ಕು ಕೂದಲನ್ನೂ ಅಪ್ಪನೇ ಕತ್ತರಿಸಿದ್ದು, ಪಿನ್ಹೋಸ್ ಮಾಮ,” ಎಂದಳು ಬುಲೋರ್.

“ಅದಕ್ಕೇ ಹೇಳ್ತಿರೋದು. ಕೂದಲು ಕತ್ತರಿಸಿದ ಅಂತ ಒಳಗೆ ಬಿಟ್ರೆ, ನಾಳೆ ಕಬಾಬಿನವನು ಬರ್ತಾನೆ. ನಾಡಿದ್ದು ಚಪ್ಪಲಿ ಹೊಲಿಯೋನು ಬರ್ತಾನೆ.”

“ಚಪ್ಪಲಿ ಹೊಲಿಯೋನೇ ಕಣೋ ನಿನ್ನ ಹಾಖಾಮ್!” ಎಂದಳು ಕಂಬಕ್ಕೊರಗಿ ಕೂತಿದ್ದ ತೋವೋ. ಸತ್ತವನ ತಂಗಿ, ಎಪ್ಪತ್ತರ ಮುದುಕಿ, ಬೆಳಗಿನಿಂದ ಅತ್ತೂ ಅತ್ತೂ ಗಂಟಲು ಕಟ್ಟಿದ್ದರೂ ನಾಲಗೆ ಮಾತ್ರ ಮಸೆದಂತೆಯೇ ಇತ್ತು. ಪಿನ್ಹೋಸ್ ತುಟಿ ಕಚ್ಚಿಕೊಂಡ. ತೋಳು ಒರೆಸಿಕೊಳ್ಳುವ ನೆಪದಲ್ಲಿ ಆಚೆ ತಿರುಗಿದ.

ತೋವೋ ಹೇಳಿದ್ದು ಸುಳ್ಳಲ್ಲ. ನಮ್ಮ ಧರ್ಮಗ್ರಂಥ ತೋರಾ ಬಲ್ಲ ಪಂಡಿತ, ಹಾಖಾಮ್, ಎಂದು ನಮ್ಮ ಯಹೂದಿ ಮೊಹಲ್ಲೆಯಲ್ಲಿ ಉಳಿದಿದ್ದವನು ಆಗ ಒಬ್ಬನೇ. ಅವನೇ ಹಿಜ್ಕಿಯೋ, ಬುಲೋರಳ ಗಂಡ, ಸತ್ತ ನಿಸೋನನ ಅಳಿಯ. ಸರ್ಕಾರಕ್ಕೆ ಅವನು ಬಜಾರಿನ ಮೂಲೆಯ ಡಬ್ಬಿಯಂಗಡಿಯಲ್ಲಿ ಹಿಮ್ಮಡಿಗೆ ಮೊಳೆ ಬಡಿಯುವವನು. ನಮಗೆ ಮಾತ್ರ, ಅವನು ಬೀದಿಯಲ್ಲಿ ಬಂದರೆ ಕೂತವರು ಎದ್ದು ನಿಲ್ಲುತ್ತಿದ್ದೆವು. ಚಹಾ ಕುಡಿಯುತ್ತಿದ್ದವರು ಬಟ್ಟಲು ಹಿಡಿದುಕೊಂಡೇ ಏಳುತ್ತಿದ್ದರು.

ಬುಲೋರಳಿಗೆ ಬೇಕಾಗಿದ್ದದ್ದು ಇಷ್ಟೇ. ಅವಳ ಅಪ್ಪ ಬದುಕಿರುವಷ್ಟು ದಿನ ಕನೀಸದ ಕೊನೆಯ ಬೆಂಚಿನಲ್ಲಿ, ಚಪ್ಪಲಿಗಳ ಪಕ್ಕದಲ್ಲಿ ಕೂತವನು. ಅಕ್ಷರ ಬಾರದು, ಬೇರೆಯವರು ಪುಟ ತಿರುಗಿಸಿದಾಗ ತಾನೂ ತಿರುಗಿಸುವುದು, ಅವರು ಬಾಗಿದಾಗ ತಾನೂ ಬಾಗುವುದು. ಮುಂದಕ್ಕೆ ಬಾ ಎಂದು ಯಾರೂ ಕರೆದವರಿಲ್ಲ. ಇವತ್ತೊಂದು ದಿನ, ಇದೊಂದೇ ಸಲ, ಅವನು ಮುಂದೆ ಹೋಗಬೇಕು. ಎಲ್ಲರ ಮಧ್ಯೆ ಅವನನ್ನಿಟ್ಟು ನಾಲ್ಕು ಮಾತಾಡಬೇಕು. ಗಂಡುಮಕ್ಕಳಿಲ್ಲದ ಮನುಷ್ಯ, ಇದನ್ನು ಕೇಳಲು ಮಗಳನ್ನು ಬಿಟ್ಟರೆ ಯಾರಿದ್ದಾರೆ?

ಅವಳು ನೇರ ಅಡುಗೆಮನೆಗೆ ಹೋದಳು. ಹಿಜ್ಕಿಯೋ ಹಿಂಬಾಗಿಲ ಬಳಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದ.

“ನಿಮ್ಮ ಬಾಯಿಂದ ಒಂದು ಮಾತು ಬಂದ್ರೆ ಪಿನ್ಹೋಸ್ ಮಾಮನ ಬಾಯಿಗೆ ಬೀಗ ಬೀಳುತ್ತೆ,” ಎಂದಳು.

ಅವನು ಬಗ್ಗಿದ. ಹೆಂಡತಿ ಗಿಡ್ಡಿಯಾದರೆ ನೀನೇ ಬಗ್ಗಿ ಅವಳ ಮಾತು ಕೇಳು ಎಂದು ನಮ್ಮ ಹಿರಿಯರು ಹೇಳುತ್ತಾರಲ್ಲ, ಅದನ್ನು ಹಿಜ್ಕಿಯೋನಷ್ಟು ಚಾಚೂ ತಪ್ಪದೆ ಪಾಲಿಸಿದವರು ಸಮರ್ಕಂದದಲ್ಲಿ ಇನ್ನೊಬ್ಬರಿಲ್ಲ. ಬುಲೋರ್ ಅವನ ಎದೆಮಟ್ಟಕ್ಕೂ ಬರುವುದಿಲ್ಲ.

“ನನ್ನ ಮಾವ ಅಂತ ಬಾಗಿಲು ತೆಗೆಸಿದ್ರೆ ಅದು ನನಗೆ ಸಿಕ್ಕ ಮರ್ಯಾದೆ ಆಗುತ್ತೆ, ಬುಲೋರ್. ಅವರಿಗಲ್ಲ.”

“ಯಾರದೋ ಒಂದು. ತೆಗೆಸಿ.”

“ತೆಗೆದ್ರೆ ಅವರ ಹೆಸರಲ್ಲೇ ತೆಗೀಬೇಕು.”

“ಹೆಬ್ಬೆಟ್ಟಿನವನ ಹೆಸರಲ್ಲಿ ಯಾವ ಪುಣ್ಯಾತ್ಮ ತೆಗೀತಾನೆ?” ಅವಳ ದನಿ ಒಡೆಯಿತು. “ಇಪ್ಪತ್ತಾರು ವರ್ಷಕ್ಕೆ ಒಂದೇ ಒಂದು ಕೇಳಿದೀನಿ ನಿಮ್ಮನ್ನ. ಅರಮನೆ ಕೇಳಲಿಲ್ಲ, ಕಾರು ಕೇಳಲಿಲ್ಲ.”

ಹಿಜ್ಕಿಯೋ ಒಳಕೋಣೆಯ ಕಡೆ ನೋಡಿದ. ಆಮೇಲೆ, “ನನ್ನ ಕಪ್ಪು ಕೋಟು ಎಲ್ಲಿದೆ?” ಎಂದು ಕೇಳಿದ.

ಬುಲೋರಳಿಗೆ ಮೈಯೆಲ್ಲ ಉರಿದುಹೋಯಿತು. ಹಬ್ಬಕ್ಕೆ ಮಾತ್ರ ಹಾಕುವ ಕೋಟು, ಇರುವುದೇ ಒಂದು. ಸಾವಿನ ಮನೆಯಲ್ಲಿ ಯಾರಾದರೂ ಸಿಂಗಾರ ಮಾಡಿಕೊಳ್ಳುತ್ತಾರೆಯೇ? ಅಲ್ಮೆರಾ ತೆಗೆದು ಕೋಟನ್ನು ಅವನ ತೋಳಿನ ಮೇಲೆ ಎಸೆದು, ತಿರುಗಿಯೂ ನೋಡದೆ ಹೊರಗೆ ಬಂದಳು.

ಅಂಗಳದಲ್ಲಿ ಜನ ಸೇರಿದ್ದರು. ಸರ್ಕಾರಿ ಜವಳಿ ಅಂಗಡಿಯ ಮ್ಯಾನೇಜರ್ ಬೋರುಖ್ ಆಗಷ್ಟೇ ಕಾರಿನಿಂದಿಳಿದು ಉಸಿರು ಬಿಡುತ್ತ ಬಂದ. ಗಲ್ಲ ಕನ್ನಡಿಯಂತೆ ನುಣ್ಣಗಿತ್ತು.

“ನನ್ನ ಮಾವ ಆಗಬೇಕಾಗಿದ್ದ ಮನುಷ್ಯ ಕಣ್ರೋ,” ಎಂದ, ಪಕ್ಕದವರಿಗೆ. “ನಿಶ್ಚಯಕ್ಕೆ ಸಕ್ಕರೆ ಮಿಠಾಯಿ ಕೂಡ ತಂದಿಟ್ಟಿದ್ದೆ. ಏನು ತಪ್ಪು ಮಾಡಿದ್ನೋ, ದೇವರೇ ಬಲ್ಲ.”

“ತಪ್ಪೇನಿಲ್ಲ ಬಿಡು,” ಎಂದಳು ತೋವೋ. “ನೀನು ಆಗಲೇ ಇಬ್ಬರ ಜಾಗದಲ್ಲಿ ಕೂತ್ಕೊತಿದ್ದೆ. ಹುಡುಗಿಗೆ ಮಂಚದಲ್ಲಿ ಎಡೆ ಬೇಡವೆ?”

ಅಳುತ್ತಿದ್ದ ಹೆಂಗಸರಲ್ಲಿ ಇಬ್ಬರು ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಬೋರುಖನೂ ನಕ್ಕ, ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕ. ನಿಸೋನ್ ಏಕೆ ತನ್ನನ್ನು ಬೇಡವೆಂದ ಎಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದವರು ಮೂರೇ ಜನ. ಒಬ್ಬ ಒಳಗೆ ಬಿಳಿ ಬಟ್ಟೆಯಲ್ಲಿ ಮಲಗಿದ್ದ. ಇನ್ನೊಬ್ಬ ಅಡುಗೆಮನೆಯಲ್ಲಿ ಕೋಟು ಹಿಡಿದು ನಿಂತಿದ್ದ. ಮೂರನೆಯವಳಿಗೂ ಗೊತ್ತಿದೆ ಎಂಬುದು ಆ ಇಬ್ಬರಿಗೂ ತಿಳಿಯದು.

* * *

ಬುಲೋರಳಿಗೆ ಆಗ ಹದಿನೆಂಟು. ಅಪ್ಪನಿಗೆ ಮಧ್ಯಾಹ್ನದ ಊಟ ಕೊಟ್ಟು, ಕ್ಷೌರದಂಗಡಿಯ ಹಿಂದೆ ಪರದೆಯಾಚೆ ಒದ್ದೆ ಟವೆಲುಗಳನ್ನು ಹರವುತ್ತಿದ್ದಳು. ಪರದೆಯಲ್ಲಿ ತೂತಿತ್ತು. ತೂತಿದ್ದ ಮೇಲೆ ನೋಡದೆ ಇರುತ್ತಾರೆಯೇ?

ಶನಿವಾರದ ಸಬ್ಬತ್ತಿಗೆ ಮುಂಚಿನ ದಿನ, ಅಂಗಡಿ ಕಿಕ್ಕಿರಿದಿತ್ತು. ನಿಸೋನನ ಕೈಯಲ್ಲಿ ಕತ್ತಿ ಸರಸರ ಓಡುತ್ತಿತ್ತು. ಅವನ ಕೈಚಳಕದ ಬಗ್ಗೆ ಊರೆಲ್ಲ ಮಾತಾಡುತ್ತಿದ್ದ ಕಾಲ ಅದು. ಗಲ್ಲದ ಮೇಲೆ ನೊಣ ಕೂತರೆ ಜಾರಿ ಬೀಳುತ್ತದೆ ಎನ್ನುತ್ತಿದ್ದರು. ಮೂಲೆಯಲ್ಲಿ ಕಡ್ಡಿಯಂಥ ಹುಡುಗನೊಬ್ಬ ಕೂತಿದ್ದ. ಬುಖಾರಾದಿಂದ ಬಂದು ಚಪ್ಪಲಿ ರಿಪೇರಿಗೆ ಸೇರಿದ್ದಾನಂತೆ, ರಾತ್ರಿ ಹಗಲೆನ್ನದೆ ಓದುತ್ತಾನಂತೆ ಎಂದು ಅವಳು ಕೇಳಿದ್ದಳು. ಅವನ ಸರದಿ ಬಂತು. “ನೀವು ಹೋಗಿ,” ಎಂದು ಪಕ್ಕದವನಿಗೆ ಬಿಟ್ಟುಕೊಟ್ಟ. ಮತ್ತೆ ಬಂತು. ಮತ್ತೆ ಬಿಟ್ಟುಕೊಟ್ಟ. ಹೀಗೆ ಐದು ಸಲ. ಇವನಿಗೆ ತಲೆ ಸರಿಯಿಲ್ಲ ಎಂದುಕೊಂಡಳು ಬುಲೋರ್.

ಕೊನೆಯ ಗಿರಾಕಿ ಹೊರಗೆ ಹೋದ ಮೇಲೆ ಹುಡುಗ ಎದ್ದು ಬಾಗಿಲನ್ನು ಅರ್ಧ ಮುಚ್ಚಿದ. ಕುರ್ಚಿಯಲ್ಲಿ ಕೂರಲಿಲ್ಲ.

“ಸುತ್ತಿ ಬಳಸಿ ಮಾತು ಬೆಳೆಸೋಕೆ ನನಗೆ ಬರೋಲ್ಲ,” ಎಂದ. “ತಪ್ಪು ತಿಳೀಬೇಡಿ. ಯಹೂದಿಯ ಗಡ್ಡಕ್ಕೆ ಕತ್ತಿ ಮುಟ್ಟಿಸಬಾರದು ಅಂತ ತೋರಾದಲ್ಲಿದೆ. ಮಾಡಿಸಿಕೊಂಡವನಿಗೆ ಮಾತ್ರ ಅಲ್ಲ, ಮಾಡಿದವನಿಗೂ ತಪ್ಪೇ. ಕತ್ತರಿಯಾದ್ರೆ ಪರವಾಗಿಲ್ಲ.”

ನಿಸೋನನ ಮುಖ ಕಿವಿಯವರೆಗೂ ಕೆಂಪಾಯಿತು. ಐವತ್ತು ವರ್ಷದ ಗಂಡಸು. ಎದುರಿಗಿರುವವನಿಗೆ ಇನ್ನೂ ಇಪ್ಪತ್ತೆರಡು. ಈಗ ಬೈಯುತ್ತಾನೆ, ಈಗ ಬ್ರಷ್ ಎಸೆಯುತ್ತಾನೆ ಎಂದು ಬುಲೋರ್ ಟವೆಲನ್ನು ಬಿಗಿಯಾಗಿ ಹಿಡಿದುಕೊಂಡಳು.

“ನಮ್ಮಪ್ಪನೂ ಇದನ್ನೇ ಮಾಡ್ತಿದ್ದ,” ಎಂದ ನಿಸೋನ್ ಕೊನೆಗೆ. “ಮೂವತ್ತು ವರ್ಷದಿಂದ ನಾನು ಮಾಡ್ತಿದೀನಿ. ಓದು ಬಲ್ಲೋರೂ ಬಂದು ಗಲ್ಲ ಒಡ್ಡಿ ಕೂತಿದಾರೆ. ಒಬ್ಬನೂ ಬಾಯಿ ಬಿಡಲಿಲ್ಲವಲ್ಲೋ ಮಗ.”

“ಅವರಿಗೆ ಹೇಳೋಕೆ ಧೈರ್ಯ ಬಂದಿರಲಿಕ್ಕಿಲ್ಲ.”

“ನೀನು ಇಷ್ಟು ಹೊತ್ತು ಕಾದಿದ್ದು ಇದಕ್ಕೇನಾ?”

“ಅಂಗಡಿ ತುಂಬ ಜನ ಇದ್ರು.”

ನಿಸೋನ್ ಕತ್ತಿಯನ್ನು ಒರೆಸಿ ಮಡಿಸಿದ. ಆಮೇಲೆ ಗೂಡಿನಿಂದ ಕತ್ತರಿ ತೆಗೆದು ಬೆಳಕಿಗೆ ಹಿಡಿದು ನೋಡಿದ. “ಇವತ್ತಿಂದಲಾ?” ಎಂದು ಕೇಳಿದ, ದಿನಸಿಯ ಬೆಲೆ ಕೇಳುವವನ ಹಾಗೆ.

“ನಿಮ್ಮಿಷ್ಟ.”

“ನನ್ನಿಷ್ಟ ಅಂದ್ರೆ ನಾಳೆಗೆ ಬಿಟ್ಟೇನು. ಇವತ್ತಿಂದಲೇ.”

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಂದವನು ಬೋರುಖ್. ಆಗಲೇ ಅಂಗಡಿಯ ಅಸಿಸ್ಟೆಂಟು, ಸೈಕಲ್ಲಿನ ಒಡೆಯ, ಎರಡು ದಿನದಲ್ಲಿ ಬುಲೋರಳನ್ನು ನೋಡಲು ಬರಬೇಕಾಗಿದ್ದ ಗಂಡು. ಕುರ್ಚಿಯಲ್ಲಿ ಮೈಚೆಲ್ಲಿ, “ನುಣ್ಣಗಾಗಬೇಕು ನೋಡಿ,” ಎಂದ. ನಿಸೋನ್ ಕತ್ತರಿ ಹಿಡಿದ. ಮುಕ್ಕಾಲು ಗಂಟೆ ಹಿಡಿಯಿತು. ಮುಗಿದಾಗ ಬೋರುಖನ ಗಲ್ಲ ಕೊಯ್ಲಾದ ಗೋಧಿ ಹೊಲದಂತಿತ್ತು. “ಕೈ ನಡುಗೋಕೆ ಶುರುವಾಯ್ತಾ ನಿಮಗೆ?” ಎಂದು ಅವನು ಬೀದಿಗೆ ಕೇಳುವಂತೆ ಕೂಗಾಡಿ ಹೋದ. ನಿಸೋನ್ ಒಂದು ಮಾತೂ ಆಡಲಿಲ್ಲ. ಕಾರಣ ಹೇಳಿದ್ದರೆ ಅಷ್ಟು ವರ್ಷ ತನ್ನ ಕೈಯಲ್ಲಿ ಗಡ್ಡ ತೆಗೆಸಿಕೊಂಡವರೆಲ್ಲರ ಮಾನ ಹೋಗುತ್ತಿತ್ತು.

ವಾರದೊಳಗೆ ಊರಿನ ಬಾಯಲ್ಲಿ ಅವನು ಕತ್ತರಿ ನಿಸೋನ್ ಆದ. ಉಜ್ಬೇಕರ ತಲೆ ಬೋಳಿಸಲು ಕತ್ತಿ ಬಳಸುತ್ತಿದ್ದ. ನಮ್ಮವರ ಗಲ್ಲಕ್ಕೆ ಮಾತ್ರ ಮತ್ತೆ ಮುಟ್ಟಿಸಲಿಲ್ಲ. ನಮ್ಮವರಲ್ಲಿ ಅರ್ಧ ಜನ ಬೇರೆ ಅಂಗಡಿಗೆ ಹೋದರು. ಅಂಗಡಿ ಸರ್ಕಾರದ್ದು, ಮೇಲಿನವರು ಅವನನ್ನು ಕನ್ನಡಿಯ ಎದುರಿನ ಕುರ್ಚಿಯಿಂದ ಬಾಗಿಲ ಬಳಿಯ ಗಾಳಿಗೆ ವರ್ಗ ಮಾಡಿದರು. ಚಳಿಗಾಲದಲ್ಲಿ ಅವನ ಬೆರಳು ಸೆಟೆದುಕೊಳ್ಳುತ್ತಿತ್ತು.

* * *

“ಬುಖಾರಾದ ಆ ಹುಡುಗನ್ನ ನೋಡಿದೀನಿ,” ಎಂದ ನಿಸೋನ್ ಆ ಸಬ್ಬತ್ತು ಕಳೆದ ಮೇಲೆ. ಆಗಿನ್ನೂ ಬದುಕಿದ್ದ ಹೆಂಡತಿ ಯಾಫೋ ತಲೆ ಮೇಲೆ ಕೈಹೊತ್ತಳು.

“ಆ ಚಪ್ಪಲಿ ಹುಡುಗನಾ? ಏನಿದೆ ಅಂತ ಅವನ ಹತ್ರ?”

“ಬಾಯಿ ಮುಚ್ಕೊಂಡು ಕಾಯೋಕೆ ಬರುತ್ತೆ.”

“ಅದು ಕತ್ತೆಗೂ ಬರುತ್ತೆ!”

“ಇದ್ದಿದ್ದೆಲ್ಲ ಮಾರಿಯಾದ್ರೂ ಮಗಳನ್ನ ತೋರಾ ಬಲ್ಲವನಿಗೆ ಕೊಡು ಅಂತ ಹಿರಿಯರು ಹೇಳಿಲ್ವಾ?”

“ಮಾರೋಕೆ ಏನಿದೆ ನಮ್ಮತ್ರ, ನಿನ್ನ ಬೋಳು ಬ್ರಷ್ಷಾ?”

ಅವರಿಬ್ಬರೂ ಒಂದು ಗಂಟೆ ಜಗಳವಾಡಿದರು. ಕೊನೆಗೆ ನಿಸೋನ್ ಮಗಳ ಕಡೆ ತಿರುಗಿದ. “ನೀನು ಹೂಂ ಅನ್ನದೆ ಕೊಡೋ ಹಾಗಿಲ್ಲ, ಅದೂ ಹಿರಿಯರ ಮಾತೇ. ಹೇಳಮ್ಮ. ಸೈಕಲ್ ಬೇಕೋ, ಕಡ್ಡಿ ಬೇಕೋ?”

ಐದು ಸಲ ಸರದಿ ಬಿಟ್ಟುಕೊಟ್ಟವನು ಬುಲೋರಳ ಕಣ್ಣ ಮುಂದೆ ಬಂದ. ಅಪ್ಪನ ಮಾನವನ್ನು ಬಾಗಿಲು ಮುಚ್ಚಿ ಕಾಪಾಡಿದವನು ನನ್ನ ಮಾನವನ್ನು ಬೀದಿಗೆ ಹಾಕುತ್ತಾನೆಯೇ? ಇಲ್ಲ ಎಂದಿತು ಮನಸ್ಸು. “ಕಡ್ಡಿ,” ಎಂದಳು. ತಾನು ಪರದೆಯ ಹಿಂದೆ ಇದ್ದೆನೆಂದು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಮದುವೆಯಾಗಿ ಅಳಿಯ ಅದೇ ಅಂಗಳದ ಇನ್ನೊಂದು ಕೋಣೆಗೆ ಬಂದ ಮೇಲೆ ಹೊಸ ತಾಪತ್ರಯ ಶುರುವಾಯಿತು. ಹಿಜ್ಕಿಯೋ ಒಳಗೆ ಬಂದರೆ ಸಾಕು, ಮಾವ ಎದ್ದು ನಿಲ್ಲುತ್ತಿದ್ದ. “ಕೂತ್ಕೊಳ್ಳಿ ಮಾವ, ನಾನು ನಿಮ್ಮ ಮಗನ ಥರ,” ಎಂದರೆ, “ನಿನಗಲ್ಲಪ್ಪ ನಿಲ್ಲೋದು, ನಿನ್ನ ತಲೆಯೊಳಗೆ ಇರೋದಕ್ಕೆ,” ಎನ್ನುತ್ತಿದ್ದ. ಪಲಾವಿನ ತಟ್ಟೆಯ ಮುಂದಿನಿಂದ ಏಳುತ್ತಿದ್ದ, ಜ್ವರ ಬಂದಾಗ ಹಾಸಿಗೆಯಿಂದ ಏಳುತ್ತಿದ್ದ. ಮಂಡಿನೋವು ಬಂದ ಮೇಲೂ ಬಿಡಲಿಲ್ಲ. ಮುದುಕನಿಗೆ ತೊಂದರೆ ಬೇಡವೆಂದು ಹಿಜ್ಕಿಯೋ ಸುತ್ತಿ ಬಳಸಿ ಅಡುಗೆಮನೆಯ ಹಿಂಬಾಗಿಲಿಂದ ಬರಲು ಶುರುಮಾಡಿದ. ಮುದುಕ ಹಿಂಬಾಗಿಲ ಚಿಲಕದ ಸದ್ದಿಗೆ ಕಿವಿಗೊಟ್ಟು ಕೂತ. “ನೀವಿಬ್ಬರೂ ಏನು ಕಣ್ಣಾಮುಚ್ಚಾಲೆ ಆಡ್ತಿದೀರಾ?” ಎಂದು ಬುಲೋರ್ ರೇಗುತ್ತಿದ್ದಳು. ಒಳಗೊಳಗೇ ಅವಳಿಗೆ ಹಿಗ್ಗು. ಬೋರುಖನ ಹೆಂಡತಿಗೆ ರೆಫ್ರಿಜರೇಟರ್ ಬಂದ ದಿನವೂ ಅವಳಿಗೆ ಹೊಟ್ಟೆಕಿಚ್ಚಾಗಲಿಲ್ಲ. ಕೌದಿ ಹೊಲಿದು ಹೊಲಿದು ಬೆರಳು ಜಡ್ಡುಗಟ್ಟಿದರೂ ಅವಳು ತಲೆಯೆತ್ತಿಯೇ ಬಜಾರಿಗೆ ಹೋಗಿ ಬಂದಳು.

* * *

ಮಧ್ಯಾಹ್ನಕ್ಕೆ ಚಟ್ಟ ಎತ್ತಿದರು. ಗಂಡಸರು ಮುಂದೆ, ಹೆಂಗಸರು ಹಿಂದೆ. ಚಹಾ ಅಂಗಡಿಯ ಉಜ್ಬೇಕರೂ ಬಂದು ಹೆಗಲು ಬದಲಿಸಿಕೊಟ್ಟರು. ಅವರಲ್ಲಿ ನಿಸೋನನ ಕೈ ಕಾಣದ ತಲೆ ಒಂದೂ ಇರಲಿಲ್ಲ. ಕನೀಸದ ಮುಂದೆ ಮೆರವಣಿಗೆ ನಿಂತಿತು. ಸಾಮಾನ್ಯರಿಗೆ ಇಲ್ಲೇ, ಬೀದಿಯಲ್ಲೇ, ಒಂದು ಚಿಕ್ಕ ಪ್ರಾರ್ಥನೆ. ಇಲ್ಲೇ ಹತ್ತಿರದವರು ಉಡುಪು ಹರಿದುಕೊಳ್ಳಬೇಕು. ಇಲ್ಲಿಂದಲೇ ಹೆಂಗಸರು ಹಿಂದಕ್ಕೆ. ಬುಲೋರ್ ಆ ಬಾಗಿಲನ್ನು ನೋಡಿದಳು. ಹಸಿರು ಬಣ್ಣದ ಎರಡು ಕದ. ದಿನಬಳಕೆಗೆ ಒಂದೇ ಕದ ತೆಗೆಯುತ್ತಿದ್ದರು, ಒಬ್ಬರು ಹೋಗುವಷ್ಟು. ಅದನ್ನೂ ಪಿನ್ಹೋಸ್ ಮುಂಜಾಗ್ರತೆಯಿಂದ ಎಳೆದು ಮುಚ್ಚಿದ್ದ.

ತೋವೋ ಬುಲೋರಳ ಕೊರಳಪಟ್ಟಿಗೆ ಚಾಕುವಿನ ಗೀರು ಹಾಕಿದಳು. ಅಪ್ಪ ಅಮ್ಮ ಸತ್ತರೆ ಎಡಗಡೆ, ಹೃದಯದ ಮೇಲೆ. ಬುಲೋರ್ ಎರಡೂ ಕೈಯಿಂದ ಎಳೆದಳು. ಬಟ್ಟೆ ಹರಿಯುವ ಸದ್ದಿಗೆ ಹೆಂಗಸರ ಅಳು ಏರಿತು. ತೆರೆದುಕೊಂಡದ್ದನ್ನು ಅವಳು ಶಾಲಿನಿಂದ ಮುಚ್ಚಿಕೊಂಡಳು. ತೋವೋ ಅಣ್ಣನಿಗಾಗಿ ಬಲಗಡೆ ಅಂಗೈಯಗಲ ಹರಿದುಕೊಂಡಳು.

“ಸರಿ, ಎತ್ತಿ,” ಎಂದ ಪಿನ್ಹೋಸ್.

“ತಾಳು,” ಎಂದು ಹಿಜ್ಕಿಯೋ ಮುಂದೆ ಬಂದ. ಕಪ್ಪು ಕೋಟಿನ ಎದೆಪಟ್ಟಿಯನ್ನು ಹಿಡಿದು ಪಿನ್ಹೋಸನ ಚಾಕುವಿನ ಮುಂದೆ ಒಡ್ಡಿದ.

ಪಿನ್ಹೋಸ್ ಮುಜುಗರದಿಂದ ನಕ್ಕ. “ಹಾಖಾಮ್, ಇದು ಅಳಿಯಂದಿರಿಗೆ ಕಡ್ಡಾಯವಲ್ಲ. ನಾನು ನಿಮಗೆ ಹೇಳಿಕೊಡಬೇಕೆ? ಹೆಂಡತಿಯ ಮನಸ್ಸಿಗೆ ಅಂತಿದ್ರೆ, ಬಲಗಡೆ ಅಂಗೈಯಗಲ ಸಾಕು.”

“ಎಡಗಡೆ,” ಎಂದ ಹಿಜ್ಕಿಯೋ.

ಪಿನ್ಹೋಸ್ ಗೀರು ಹಾಕಿದ. ಹಿಜ್ಕಿಯೋ ಎಳೆದ. ಅಂಗೈಯಗಲವಾಯಿತು. ಅವನು ನಿಲ್ಲಿಸಲಿಲ್ಲ. ಎರಡು ಅಂಗೈಯಗಲವಾಯಿತು. ಒಳಗಿನ ಬಿಳಿ ಅಸ್ತರು ಕಿತ್ತು ಬಂತು, ಅದರ ಕೆಳಗಿನ ಅಂಗಿಯೂ ಬಂತು. ಎಲುಬು ಕಾಣುವ ಅವನ ಎದೆ ಬಿಸಿಲಿಗೆ ಬೀಳುವವರೆಗೂ ಹರಿದ. ಇದ್ದದ್ದೊಂದೇ ಕೋಟು.

ನಲವತ್ತು ವರ್ಷದಿಂದ ಹೆಣ ಹೊರಿಸಿದ ಪಿನ್ಹೋಸನಿಗೆ ಗೊತ್ತು. ಎದೆಯವರೆಗೆ ಹರಿಯುವುದು ಹೆತ್ತವರಿಗೆ. ಅವರನ್ನು ಬಿಟ್ಟರೆ ಇನ್ನೊಬ್ಬರಿಗೆ ಮಾತ್ರ.

“ನಿಮ್ಮ ತಂದೆ ತೀರಿಕೊಂಡು ಬಹಳ ಕಾಲ ಆಯ್ತಲ್ಲ, ಹಾಖಾಮ್,” ಎಂದ ಮೆಲ್ಲಗೆ.

“ತಂದೆಗಲ್ಲ. ಗುರುವಿಗೆ.”

“ಗುರುವಾ?” ಪಿನ್ಹೋಸ್ ಚಟ್ಟದ ಕಡೆ ನೋಡಿದ, ಹಾಖಾಮನ ಕಡೆ ನೋಡಿದ. “ಅ ಅಂದ್ರೆ ಆ ಅನ್ನೋಕೆ ಬಾರದ ನಮ್ಮ ನಿಸೋನ್, ನಿಮಗೆ ಏನು ಕಲಿಸಿದ?”

“ಒಂದೇ ಪಾಠ. ತಪ್ಪನ್ನ ತೋರಿಸೋದು ಹೇಗೆ ಅಂತ ನಾನು ಪುಸ್ತಕದಿಂದ ಕಲಿತಿದ್ದೆ. ಅದನ್ನ ಕೇಳಿಸಿಕೊಳ್ಳೋದು ಹೇಗೆ ಅಂತ ಯಾವ ಪುಸ್ತಕವೂ ಕಲಿಸಿರಲಿಲ್ಲ.”

“ಯಾವ ತಪ್ಪು? ಯಾರದು?”

“ಅದನ್ನ ಜನರ ಮುಂದೆ ಹೇಳೋಲ್ಲ,” ಎಂದ ಹಿಜ್ಕಿಯೋ.

ಬುಲೋರಳ ಕೈ ಶಾಲಿನ ಮೇಲೆ ಬಿಗಿಯಿತು. ಇಪ್ಪತ್ತಾರು ವರ್ಷ ಕಳೆದರೂ ಈ ಮನುಷ್ಯ ಆ ಅಂಗಡಿಯ ಬಾಗಿಲನ್ನು ಇನ್ನೂ ಮುಚ್ಚಿಹಿಡಿದೇ ಇದ್ದಾನೆ! ಅಡುಗೆಮನೆಯಲ್ಲಿ ಅವನ ಮೇಲೆ ಎಸೆದ ಕೋಟು ನೆನಪಾಗಿ ನಾಚಿಕೆಯಾಯಿತು, ಮರುಕ್ಷಣವೇ ಹೆಮ್ಮೆಯೂ ಆಯಿತು. ಅವಳಿಗೆ ಅಳು ನಿಂತುಹೋಯಿತು.

ಪಿನ್ಹೋಸ್ ಗಡ್ಡ ಕೆರೆದುಕೊಂಡ. ಶಾಸ್ತ್ರ ಬಿಟ್ಟು ಕೂದಲೆಳೆ ಆಚೆ ಹೋಗದ ಮನುಷ್ಯ. ಅವನ ತುಟಿ ಲೆಕ್ಕ ಹಾಕುತ್ತಿತ್ತು: ಹಾಖಾಮ್ ಹರಿದುಕೊಂಡದ್ದು ಗುರುವಿಗೆ, ಹಾಗಾದರೆ ಚಟ್ಟದ ಮೇಲಿರುವವನು ಹಾಖಾಮನ ಗುರು, ಹಾಖಾಮನ ಗುರು ಎಂದರೆ... ಅವನು ಒಮ್ಮೆಲೇ ಹೊತ್ತವರ ಕಡೆ ತಿರುಗಿದ.

“ಏನು ಬಾಯಿ ಬಿಟ್ಕೊಂಡು ನಿಂತಿದೀರೋ! ಹಾಖಾಮನ ಗುರುವನ್ನ ಬೀದಿ ಬಿಸಿಲಲ್ಲಿ ಇಡ್ತಾರೇನೋ, ದರಿದ್ರಗಳಾ? ಬಾಗಿಲು!”

“ನೀನೇ ಅಲ್ವೇನೋ ಹಾಕಿದ್ದು?” ಎಂದಳು ತೋವೋ.

ಒಂದು ಕದ ತಕ್ಷಣ ತೆರೆಯಿತು. ಚಟ್ಟ ಅದರಲ್ಲಿ ಹಿಡಿಯಲಿಲ್ಲ. ಹಿಂದಿನ ಹಾಖಾಮನ ಚಟ್ಟ ಒಳಗೆ ಹೋದ ಮೇಲೆ ಎರಡನೆಯ ಕದವನ್ನು ಯಾರೂ ತೆಗೆದಿರಲಿಲ್ಲ. ಪ್ರತಿ ಹಬ್ಬಕ್ಕೂ ಅದರ ಅಗುಳಿಯ ಮೇಲೆ ಸೇರಿಸಿಯೇ ಬಣ್ಣ ಬಳಿದಿದ್ದರು. ಪಿನ್ಹೋಸ್ ಮೊಣಕಾಲೂರಿ, ರಸ್ತೆಯ ಕಲ್ಲೊಂದನ್ನು ತೆಗೆದುಕೊಂಡು ಅಗುಳಿಗೆ ಬಡಿಯತೊಡಗಿದ. ಎಪ್ಪತ್ತೆರಡರ ಮುದುಕ, ಟೋಪಿ ಓರೆಯಾಯಿತು. ಬಡಿತಕ್ಕೊಂದು ಹಸಿರು ಚಕ್ಕೆ ಎದ್ದು ಅವನ ಗಡ್ಡದಲ್ಲಿ ಸಿಕ್ಕಿಕೊಂಡಿತು.

“ಬೋರುಖ್! ಅಷ್ಟು ಮೈ ಬೆಳೆಸಿದೀಯಲ್ಲ, ತಳ್ಳೋ!”

ಬೋರುಖ್ ಒಳ್ಳೆಯ ಸೂಟಿನ ಹೆಗಲನ್ನೇ ಕದಕ್ಕೆ ಕೊಟ್ಟ. ಎದೆ ತೆರೆದುಕೊಂಡಿದ್ದ ಹಿಜ್ಕಿಯೋ ಅವನ ಪಕ್ಕದಲ್ಲಿ ನಿಂತು ತಳ್ಳಿದ. ಕದ ನರಳಿತು, ಕಿರುಗುಟ್ಟಿತು, ಆಮೇಲೆ ಗೋಡೆಗೆ ಹೋಗಿ ಬಡಿಯಿತು. ಹೆಂಗಸರು ಹಿಂದಕ್ಕೆ ಹೋಗಬೇಕೆಂದು ಯಾರೂ ನೆನಪಿಸಲಿಲ್ಲ. ಬುಲೋರ್ ಹೊಸ್ತಿಲವರೆಗೂ ಬಂದಳು.

ದಿನವೂ ತೆರೆಯುವ ಕದದ ಕಡೆ ನೆಲದ ಇಟ್ಟಿಗೆ ಸವೆದು ಹಳ್ಳಬಿದ್ದಿತ್ತು. ಈ ಕಡೆಯ ಇಟ್ಟಿಗೆಗಳು ಅಂಚು ಮುಕ್ಕಾಗದೆ, ನಿನ್ನೆ ಮೊನ್ನೆ ಹಾಸಿದಂತೆ ಕೆಂಪಗಿದ್ದವು. ಹೊತ್ತವರು ಒಂದು ಕ್ಷಣ ತಡೆದರು. ಆಮೇಲೆ ನಿಸೋನನನ್ನು ಹೊತ್ತುಕೊಂಡು ಅವುಗಳ ಮೇಲೆ ಕಾಲಿಟ್ಟರು.